ಆ ಬಾಟಲಿಗೆ ಏನು ತುಂಬಿದ್ದಾರೆ, ಕೇಳಿದಿರಾ?

ರಾತ್ರಿ ಹತ್ತೂವರೆಗೆ ಫೋನ್ ಬಂದ್ರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತೆ. ಎರಡು ತಿಂಗಳ ಹಿಂದೆ ಹಾಗೆ ಬಂದದ್ದು ನನ್ನ ಕಾಲೇಜು ಗೆಳತಿಯ ಫೋನು. ಒಂಬತ್ತನೇ ವಾರದ ಸ್ಕ್ಯಾನಿಂಗಿಗೆ ಹೋಗಿದ್ದಳಂತೆ. ಮಗುವಿನ ಎದೆಬಡಿತ ನಿಂತುಹೋಗಿತ್ತು. ಹೋದ ವರ್ಷವೂ ಹೀಗೇ ಆಗಿತ್ತು, ಇದು ಎರಡನೇ ಸಲ. ಅತ್ತು ಅತ್ತು ಅವಳ ಗಂಟಲು ಕಟ್ಟಿತ್ತು. ನಾನು ಸಮಾಧಾನದ ಮಾತು ಹುಡುಕುವಷ್ಟರಲ್ಲಿ ಅವಳೇ ಕೇಳಿದಳು: "ನಾಳೆ ಬೆಳಿಗ್ಗೆ ಎಂಟಕ್ಕೆ ಡಿ ಅಂಡ್ ಸಿ ಕಣೇ. ತೆಗೆದದ್ದನ್ನ ಕ್ರೋಮೋಸೋಮ್ ಟೆಸ್ಟಿಗೆ ಕಳಿಸ್ತೀರಾ ಅಂತ ಡಾಕ್ಟರ್ ಕೇಳಿದ್ರು. ಇವರು 'ನಿನ್ನಿಷ್ಟ' ಅಂತಾರೆ. ಅತ್ತೆ, 'ಹೋದದ್ದು ಹೋಯ್ತು, ಅದನ್ನ ಕೆದಕಿ ಏನಾಗಬೇಕು, ಸುಮ್ನೆ ದುಡ್ಡು ದಂಡ' ಅಂತಾರೆ. ಏನ್ ಮಾಡ್ಲಿ ಹೇಳು."

ನಾನು ಡಾಕ್ಟರಲ್ಲ. ಬಿ.ಎ. ಓದಿ ಮನೆ ನೋಡಿಕೊಂಡು, ಬಿಡುವಾದಾಗ ಹೀಗೆ ನಾಲ್ಕು ಸಾಲು ಬರೆಯುವವಳು. ಆದರೂ ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಯಾಕಂದ್ರೆ ಎಂಟು ವರ್ಷದ ಹಿಂದೆ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

ಆಗ ನನಗೂ ಒಂದಾದ ಮೇಲೆ ಒಂದು, ಎರಡು ಸಲ ಗರ್ಭ ನಿಲ್ಲಲಿಲ್ಲ. ಒಂದು ನರ್ಸಿಂಗ್ ಹೋಮಿನಲ್ಲಿ ಕ್ಲೀನಿಂಗ್ ಆಯ್ತು. ನಾನು ಇನ್ನೂ ಮಂಪರಿನಲ್ಲಿದ್ದೆ, ಸಿಸ್ಟರ್ ಒಂದು ಚಿಕ್ಕ ಪ್ಲಾಸ್ಟಿಕ್ ಬಾಟಲಿಯನ್ನು ನನ್ನ ಗಂಡನ ಕೈಗಿಟ್ಟು, "ಲ್ಯಾಬಿಗೆ ಕೊಟ್ಟು ಬನ್ನಿ ಸಾರ್" ಅಂದರಂತೆ. ವಾರದ ನಂತರ ರಿಪೋರ್ಟ್ ಬಂತು. ಕಷ್ಟಪಟ್ಟು ಓದಿ ಅರ್ಥ ಮಾಡಿಕೊಂಡದ್ದು ಇಷ್ಟು: ಇದು ಗರ್ಭದ ಅಂಗಾಂಶವೇ ಹೌದು. ಅಂದ್ರೆ ನಾನು ಬಸುರಿಯಾಗಿದ್ದೆ ಅಂತ ನನಗೇ ತಿಳಿಸಿದ್ದರು! ಎರಡನೇ ಸಲವೂ ಅದೇ ಬಾಟಲಿ, ಅದೇ ರಿಪೋರ್ಟು. ಆಮೇಲೆ ಬೇರೆ ಡಾಕ್ಟರ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದೇ, "ಟಿಶ್ಯೂನ ಕ್ರೋಮೋಸೋಮ್ ಟೆಸ್ಟ್ ಮಾಡಿಸಿದ್ದೀರಾ?" ಫೈಲು ಕೊಟ್ಟೆ. ಹಾಳೆ ತಿರುವಿ, "ಎರಡನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟಿದ್ದಾರಲ್ಲ" ಅಂದು ಫೈಲು ಮುಚ್ಚಿದರು. ನನ್ನ ಮಗಳು ಈಗ ಯುಕೆಜಿಯಲ್ಲಿದ್ದಾಳೆ, ದೇವರು ದೊಡ್ಡವನು. ಆದರೆ ಆ ಎರಡು ಯಾಕೆ ಹೋದವು ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ಈ ಮಾತು ಯಾಕೆ ಅಂದ್ರೆ, ಕಳೆದ ಕೆಲವು ವರ್ಷಗಳಲ್ಲಿ ಪ್ರಪಂಚದಾದ್ಯಂತ ವೈದ್ಯರು ಗರ್ಭಪಾತದ ಬಗ್ಗೆ ಮಾತಾಡುವ ರೀತಿಯೇ ಬದಲಾಗಿದೆ. 2021ರಲ್ಲಿ 'ಲ್ಯಾನ್ಸೆಟ್' ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆ ಈ ವಿಷಯಕ್ಕೇ ಒಂದು ಲೇಖನ ಸರಣಿ ಮೀಸಲಿಟ್ಟಿತು. ವರ್ಷಕ್ಕೆ ಸುಮಾರು 2 ಕೋಟಿ 30 ಲಕ್ಷ ಗರ್ಭಪಾತ, ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹದಿನೈದು ಎಂದು ಅದು ಲೆಕ್ಕ ಕೊಟ್ಟಿತು. 'ಇದೆಲ್ಲ ಕಾಮನ್ನು, ಮತ್ತೆ ಟ್ರೈ ಮಾಡಿ' ಅಂತ ಹೆಂಗಸರನ್ನು ಮನೆಗೆ ಕಳಿಸುವ ಕಾಲ ಮುಗಿಯಬೇಕು ಅಂತಲೂ ಅದರಲ್ಲಿ ಬರೆದರು. 2023ರಲ್ಲಿ ಇಂಗ್ಲೆಂಡಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು ಹೊಸ ಮಾರ್ಗಸೂಚಿ ತಂದಿತು. ಮೂರನೆಯ ಹಾಗೂ ಅದರ ನಂತರದ ಗರ್ಭಪಾತಗಳಲ್ಲಿ, ಮತ್ತು ನಾಲ್ಕು-ಐದನೇ ತಿಂಗಳಲ್ಲಿ ಹೋದ ಯಾವುದೇ ಬಸಿರಿನಲ್ಲಿ, ಅಂಗಾಂಶದ ಕ್ರೋಮೋಸೋಮ್ ಪರೀಕ್ಷೆ ಮಾಡಿಸುತ್ತೀರಾ ಎಂದು ಕೇಳಬೇಕು ಎನ್ನುತ್ತದೆ ಅದು. ಯುರೋಪಿನ ತಜ್ಞರ ಸಂಘಟನೆ ಎರಡು ಸಲ ಆದರೇ 'ಮರುಕಳಿಸುವ ಗರ್ಭಪಾತ' ಎಂದು 2017ರಿಂದ ಎಣಿಸುತ್ತಿದೆ. ಆದರೆ ಪರೀಕ್ಷೆಯ ವಿಷಯದಲ್ಲಿ, 'ಎಲ್ಲರಿಗೂ ಕಡ್ಡಾಯವಾಗಿ ಬೇಡ, ಕಾರಣ ತಿಳಿಯಬೇಕು ಅನ್ನುವವರಿಗೆ ಮಾಡಬಹುದು' ಎನ್ನುತ್ತದೆ. ನೋಡಿ, ದೊಡ್ಡವರಲ್ಲೇ ಒಮ್ಮತವಿಲ್ಲ! ನಮ್ಮ ಬೆಂಗಳೂರು, ಮೈಸೂರು, ಮಂಗಳೂರಿನ ಆಸ್ಪತ್ರೆಗಳಲ್ಲೂ ಈಗ ಈ ಪರೀಕ್ಷೆಯ ಮಾತು ಕೇಳಿಬರುತ್ತಿದೆ. ಒಂದು ಕಡೆ ಕೇಳುತ್ತಾರೆ, ಇನ್ನೊಂದು ಕಡೆ ಸುದ್ದಿಯೇ ಎತ್ತುವುದಿಲ್ಲ. ನಿರ್ಧಾರ ಮಾಡೋಕೆ ನಮಗೆ ಸಿಗುವುದು ಒಂದು ರಾತ್ರಿ, ಅದೂ ಅಳುವ ರಾತ್ರಿ.

ಪರಂಗಿ ಹಣ್ಣಿನ ತಪ್ಪಲ್ಲ

ನಮ್ಮ ದೇಹದ ಒಂದೊಂದು ಜೀವಕೋಶದಲ್ಲೂ 46 ವರ್ಣತಂತುಗಳು, ಅಂದ್ರೆ ಕ್ರೋಮೋಸೋಮುಗಳು ಇರುತ್ತವೆ. 23 ಅಮ್ಮನಿಂದ, 23 ಅಪ್ಪನಿಂದ. ಇದು 46 ಅಂತ ಸರಿಯಾಗಿ ಲೆಕ್ಕ ಸಿಕ್ಕಿದ್ದೇ 1956ರಲ್ಲಿ. ಅದಾದ ಮೇಲೆ ಗರ್ಭಪಾತವಾದ ಅಂಗಾಂಶವನ್ನೂ ವಿಜ್ಞಾನಿಗಳು ಪರೀಕ್ಷಿಸತೊಡಗಿದರು. ಫ್ರಾನ್ಸಿನಲ್ಲಿ ಬುವೆ ಎಂಬ ಗಂಡ-ಹೆಂಡತಿ ವಿಜ್ಞಾನಿಗಳು 1,500 ಗರ್ಭಪಾತಗಳನ್ನು ಹೀಗೆ ಪರೀಕ್ಷೆ ಮಾಡಿ 1975ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚಿನವುಗಳಲ್ಲಿ ಕ್ರೋಮೋಸೋಮ್ ಲೆಕ್ಕವೇ ತಪ್ಪಿತ್ತು! ಆಮೇಲೆ ಯಾರು ಎಣಿಸಿದರೂ, ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚಿನವಕ್ಕೆ ಇದೇ ಕಾರಣ ಎಂದು ಕಂಡುಬಂದಿದೆ.

ಲೆಕ್ಕ ತಪ್ಪುವುದು ಹೇಗೆ? ಹೆಣ್ಣುಮಗು ತನ್ನ ಅಮ್ಮನ ಹೊಟ್ಟೆಯಲ್ಲಿರುವಾಗಲೇ ಅವಳ ಅಂಡಾಣುಗಳು ತಯಾರಾಗಿರುತ್ತವೆ. ವರ್ಣತಂತುಗಳ ಜೋಡಿ ಬಿಡಿಸಿ ಹಂಚುವ ಕೆಲಸ ಮಾತ್ರ ಅರ್ಧಕ್ಕೆ ನಿಂತಿರುತ್ತದೆ. ಅದು ಮತ್ತೆ ಮುಂದುವರಿಯುವುದು ಆ ಅಂಡಾಣು ಹೊರಬರುವ ತಿಂಗಳಿನಲ್ಲಿ. ನಿಮಗೆ ಮೂವತ್ತೈದಾದರೆ, ಆ ಕೆಲಸ ಮೂವತ್ತೈದು ವರ್ಷ ಕಾದು ಕೂತಿತ್ತು ಅಂತ ಅರ್ಥ. ಬೀರು ಜೋಡಿಸುವಾಗ ಒಂದು ಸೀರೆಯ ರವಿಕೆ ಇನ್ನೊಂದು ಸೀರೆಯ ಮಡಿಕೆಗೆ ಸೇರಿಹೋಗುತ್ತಲ್ಲ, ಹಾಗೆ ಒಂದು ಕ್ರೋಮೋಸೋಮ್ ಜಾಸ್ತಿಯೋ ಕಡಿಮೆಯೋ ಆಗಿಬಿಡುತ್ತೆ. ವಯಸ್ಸು ಏರಿದಂತೆ ಈ ಎಡವಟ್ಟು ಹೆಚ್ಚು. ನಾರ್ವೆ ದೇಶದ ದಾಖಲೆಗಳನ್ನು ಆಧರಿಸಿ 2019ರಲ್ಲಿ ಬಂದ ಅಧ್ಯಯನದ ಪ್ರಕಾರ, ಗರ್ಭಪಾತದ ಸಾಧ್ಯತೆ 25ರಿಂದ 29 ವಯಸ್ಸಿನಲ್ಲಿ ನೂರಕ್ಕೆ 10ರಷ್ಟು, 45 ದಾಟಿದರೆ 53ರಷ್ಟು.

ಹಾಗಂತ 'ನೋಡಿದ್ರಾ, ಕೊನೆಗೂ ತಪ್ಪು ಹೆಂಗಸಿಂದೇ' ಅಂತ ಯಾರೂ ಖುಷಿಪಡುವುದು ಬೇಡ. 45,ಎಕ್ಸ್ ಅಂತ ಒಂದು ರಿಪೋರ್ಟ್ ಬರುತ್ತೆ, ಅಂದ್ರೆ ಒಂದು ಲಿಂಗ ವರ್ಣತಂತುವೇ ಇಲ್ಲ. ಅಂಥ ಬಹಳಷ್ಟು ಪ್ರಕರಣಗಳಲ್ಲಿ ಇಲ್ಲದಿರುವುದು ಅಪ್ಪನ ಕಡೆಯಿಂದ ಬರಬೇಕಾಗಿದ್ದದ್ದು. 69 ಕ್ರೋಮೋಸೋಮ್ ಅಂತ ಬಂದರೆ, ಒಂದು ಅಂಡಾಣುವಿಗೆ ಎರಡು ವೀರ್ಯಾಣು ಸೇರಿರುವುದೂ ಸಾಮಾನ್ಯ. ಇದರಲ್ಲಿ ಯಾರೂ ಮಾಡಿದ್ದೇನೂ ಇಲ್ಲ, ತಡೆಯೋಕಾಗ್ತಿದ್ದದ್ದೂ ಏನಿಲ್ಲ. ಹದಿನಾರನೇ ಕ್ರೋಮೋಸೋಮ್ ಎರಡರ ಬದಲು ಮೂರಿದ್ದರೆ ಅದಕ್ಕೆ ಟ್ರೈಸೋಮಿ 16 ಅನ್ನುತ್ತಾರೆ. ಗರ್ಭಪಾತಗಳಲ್ಲಿ ಕಾಣುವ ಮೂರರ ಲೆಕ್ಕಗಳಲ್ಲಿ ಇದೇ ಅತಿ ಹೆಚ್ಚು. ಎಲ್ಲ ಜೀವಕೋಶಗಳಲ್ಲೂ ಹಾಗಿದ್ದರೆ ಆ ಮಗು ಉಳಿಯುವುದೇ ಇಲ್ಲ. ನೀವು ಮೂರು ತಿಂಗಳು ಹಾಸಿಗೆ ಬಿಟ್ಟು ಏಳದಿದ್ದರೂ ಉಳಿಯುತ್ತಿರಲಿಲ್ಲ.

ನಮ್ಮ ಮನೆಗಳಲ್ಲಿ ಕಾರಣಗಳ ಪಟ್ಟಿ ಎಷ್ಟು ಉದ್ದ ಅಂತ ನಿಮಗೆ ಗೊತ್ತಲ್ಲ. ಪರಂಗಿ ಹಣ್ಣು ತಿಂದಳು, ಎಳ್ಳುಂಡೆ ತಿಂದಳು, ಸ್ಕೂಟಿ ಓಡಿಸಿದಳು, ನೀರಿನ ಕ್ಯಾನ್ ಎತ್ತಿದಳು, ಗ್ರಹಣದಲ್ಲಿ ಹೊರಗೆ ಬಂದಳು, ತವರಿಗೆ ಬಸ್ಸಲ್ಲಿ ಹೋದಳು. ನನ್ನ ಸಲಕ್ಕೆ ಸಿಕ್ಕಿದ್ದು ದೀಪಾವಳಿ ಕ್ಲೀನಿಂಗು! ಅಟ್ಟದಿಂದ ಹಿತ್ತಾಳೆ ಪಾತ್ರೆ ಇಳಿಸಿದ್ದನ್ನು ನಮ್ಮ ಮನೆಯಲ್ಲಿ ಎರಡು ವರ್ಷ ಆಡಿಕೊಂಡರು. ಯಾರೂ ಕೆಟ್ಟವರಲ್ಲ ಬಿಡಿ, ಕಾರಣ ಗೊತ್ತಿಲ್ಲದಾಗ ಮನಸ್ಸು ಏನಾದರೂ ಹುಡುಕಿಕೊಳ್ಳುತ್ತೆ. ನಾನೂ ರಾತ್ರಿ ಮಲಗಿ ಆ ಪಾತ್ರೆಯನ್ನೇ ನೆನೆಸಿಕೊಳ್ಳುತ್ತಿದ್ದೆ. ನನ್ನ ಪ್ರಕಾರ ಈ ಪರೀಕ್ಷೆಯ ದೊಡ್ಡ ಉಪಯೋಗ ಇಲ್ಲಿದೆ. ಇದು ಮುಂದಿನ ಮಗುವನ್ನು ಉಳಿಸುವ ಔಷಧವಲ್ಲ. ಹೋದ ಮಗು ಯಾಕೆ ಹೋಯ್ತು ಅಂತ ಹೇಳುವ ಒಂದು ಕಾಗದ, ಅಷ್ಟೇ.

ಫಾರ್ಮಲಿನ್ನೋ, ಸಲೈನೋ?

ಈಗ ಬಾಟಲಿಯ ವಿಷಯಕ್ಕೆ ಬರೋಣ. ಇದನ್ನು ಮಾತ್ರ ದಯವಿಟ್ಟು ಗಮನವಿಟ್ಟು ಓದಿ.

ಆಸ್ಪತ್ರೆಯಿಂದ ಅಂಗಾಂಶ ಸಾಮಾನ್ಯವಾಗಿ ಹೋಗುವುದು ಹಿಸ್ಟೋಪೆಥಾಲಜಿಗೆ, ನಮ್ಮ ಮಾತಿನಲ್ಲಿ ಬಯಾಪ್ಸಿಗೆ. ಅದಕ್ಕೆ ಫಾರ್ಮಲಿನ್ ಬೇಕು. ಈ ಪರೀಕ್ಷೆ ದಂಡ ಅಂತ ನಾನು ಹೇಳೋಲ್ಲ. ಮೋಲಾರ್ ಪ್ರೆಗ್ನೆನ್ಸಿ ಅಂತ ಒಂದಿದೆ, ಮಗುವಿನ ಬದಲು ದ್ರಾಕ್ಷಿ ಗೊಂಚಲಿನಂತೆ ಮಾಸು ಬೆಳೆಯುವುದು. ಅದನ್ನು ಹಿಡಿಯೋಕೆ ಈ ಪರೀಕ್ಷೆ ಬೇಕು. ಅಂಥದ್ದಿದ್ದರೆ ಬಸಿರಿನ ಹಾರ್ಮೋನು ಇಳಿಯುವವರೆಗೂ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕಾಗುತ್ತೆ. ಆದರೆ ಫಾರ್ಮಲಿನ್ ಬಿದ್ದ ಕೂಡಲೇ ಜೀವಕೋಶ ಸತ್ತುಹೋಗುತ್ತೆ. ಕ್ಯಾರಿಯೋಟೈಪ್ ಅನ್ನುವ ಹಳೆಯ ಕ್ರೋಮೋಸೋಮ್ ಪರೀಕ್ಷೆಗೆ ಜೀವಂತ ಕೋಶವೇ ಬೇಕು. ಲ್ಯಾಬಿನಲ್ಲಿ ಅದನ್ನು ಮೊಸರಿಗೆ ಹೆಪ್ಪು ಹಾಕಿದ ಹಾಗೆ ಬೆಚ್ಚಗಿಟ್ಟು ಬೆಳೆಸಿ, ಆಮೇಲೆ ವರ್ಣತಂತು ಎಣಿಸುತ್ತಾರೆ. ಹಾಗಾಗಿ ಅಂಗಾಂಶದ ಒಂದು ಭಾಗವನ್ನು ಸ್ಟೆರೈಲ್ ಡಬ್ಬಿಯಲ್ಲಿ ನಾರ್ಮಲ್ ಸಲೈನ್ ಹಾಕಿ, ಅಥವಾ ಲ್ಯಾಬಿನವರೇ ಕೊಡುವ ದ್ರಾವಣದಲ್ಲಿ ಹಾಕಿ, ತಡಮಾಡದೆ ಕಳಿಸಬೇಕು. ಇನ್ನೊಂದು ಭಾಗ ಫಾರ್ಮಲಿನ್‌ಗೆ ಹೋಗಲಿ. ಎರಡು ಬಾಟಲಿ. ಇಷ್ಟೇ ಕೆಲಸ! ಆದರೆ ಇದನ್ನು ಆಪರೇಷನ್ ಥಿಯೇಟರಿಗೆ ಹೋಗುವ ಮುಂಚೆ ಹೇಳಿರಬೇಕು. ಆಚೆ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಉಳಿದದ್ದು ಹಳದಿ ಚೀಲಕ್ಕೆ ಹೋಗಿರುತ್ತೆ. 2016ರ ಬಯೋಮೆಡಿಕಲ್ ತ್ಯಾಜ್ಯ ನಿಯಮದಲ್ಲಿ ಅದಕ್ಕಿರುವ ಜಾಗ ಅದೇ. (ಅದನ್ನು ಮೊದಲ ಸಲ ಓದಿದ ದಿನ ನನಗೆ ಊಟ ಸೇರಲಿಲ್ಲ.)

ಮನೆಯಲ್ಲೇ ಬ್ಲೀಡಿಂಗ್ ಆಗಿ ಹೊರಬಂದರೆ? ಗಾಬರಿಯಲ್ಲಿ ಯಾರಿಗೂ ಏನೂ ತೋಚುವುದಿಲ್ಲ, ನಿಜ. ಹಾಗೊಮ್ಮೆ ಆದರೆ ಚೊಕ್ಕಟವಾದ ಡಬ್ಬಿಯಲ್ಲಿ ಮೆಡಿಕಲ್ ಶಾಪಿನ ನಾರ್ಮಲ್ ಸಲೈನ್ ಹಾಕಿ, ಫ್ರಿಜ್ಜಿನ ಕೆಳಭಾಗದಲ್ಲಿಟ್ಟು ಆದಷ್ಟು ಬೇಗ ಆಸ್ಪತ್ರೆಗೆ ಒಯ್ಯಿರಿ. ಫ್ರೀಜರಿನಲ್ಲಿ ಬೇಡ. ಸಿಕ್ಕದಿದ್ದರೆ ಅದಕ್ಕಾಗಿ ಕೊರಗುವುದೂ ಬೇಡ. ರಕ್ತ ತುಂಬಾ ಹೋಗುತ್ತಿದ್ದರೆ ಡಬ್ಬಿ-ಗಿಬ್ಬಿ ಬಿಟ್ಟು ಮೊದಲು ಆಸ್ಪತ್ರೆಗೆ ಓಡಿ.

ಹೊಸದಾಗಿ ಮೈಕ್ರೋಅರೇ ಅನ್ನುವ ಪರೀಕ್ಷೆ ಬಂದಿದೆ. ಇದು ನೇರ ಡಿಎನ್‌ಎ ನೋಡುತ್ತೆ, ಜೀವಕೋಶ ಬೆಳೆಯಲೇಬೇಕು ಅಂತಿಲ್ಲ. ಹೊಟ್ಟೆಯಲ್ಲಿ ಮಗು ತೀರಿಕೊಂಡು ಎರಡು-ಮೂರು ವಾರವಾಗಿದ್ದರೆ ಕಲ್ಚರ್ ಬೆಳೆಯದೇ 'ಫಲಿತಾಂಶವಿಲ್ಲ' ಅಂತ ಕ್ಯಾರಿಯೋಟೈಪ್ ವಾಪಸು ಬರುವುದುಂಟು. ಅಂಥ ಕಡೆ ಮೈಕ್ರೋಅರೇ ವಾಸಿ. ದುಡ್ಡು ಮಾತ್ರ ಅದಕ್ಕೇ ಜಾಸ್ತಿ. ನನ್ನ ಹಾಗೆ ಈಗಾಗಲೇ ಫಾರ್ಮಲಿನ್‌ಗೆ ಹಾಕಿಸಿ ಬಂದವರಿಗೂ ಒಂದು ಸಣ್ಣ ದಾರಿಯಿದೆ. ಪೆಥಾಲಜಿ ಲ್ಯಾಬುಗಳು ಆ ಅಂಗಾಂಶವನ್ನು ಮೇಣದ ಬ್ಲಾಕ್ ಮಾಡಿ ಕೆಲವು ವರ್ಷ ಇಟ್ಟಿರುತ್ತವೆ. ಅದರಿಂದ ಡಿಎನ್‌ಎ ತೆಗೆದು ಪರೀಕ್ಷಿಸುವ ಲ್ಯಾಬುಗಳೂ ಇವೆ. ಆದರೆ ಗ್ಯಾರಂಟಿ ಇಲ್ಲ. ನನಗೆ ಇದು ಗೊತ್ತಾಗುವ ಹೊತ್ತಿಗೆ ನನ್ನ ಬ್ಲಾಕ್ ಉಳಿದಿರಲಿಲ್ಲ.

'ನಾರ್ಮಲ್' ಅಂತ ಬಂದರೆ ಇನ್ನೊಂದು ಪ್ರಶ್ನೆ

ರಿಪೋರ್ಟಿನಲ್ಲಿ 'ನಾರ್ಮಲ್' ಅಂತ ಕಂಡ ತಕ್ಷಣ ಎಷ್ಟೋ ಜನ, 'ಹಾಗಾದ್ರೆ ಮಗು ಚೆನ್ನಾಗೇ ಇತ್ತು, ನನ್ನಿಂದಲೇ ಹೋಯ್ತು' ಅಂತ ಇನ್ನಷ್ಟು ಅಳುತ್ತಾರೆ. ಸ್ವಲ್ಪ ತಡೆಯಿರಿ. ಡಿ ಅಂಡ್ ಸಿಯಲ್ಲಿ ಹೊರಬರುವುದು ಮಗುವಿನ ಭಾಗ ಮಾತ್ರ ಅಲ್ಲ, ಅಮ್ಮನ ಗರ್ಭಕೋಶದ ಒಳಪದರವೂ ಅದರ ಜತೆಗಿರುತ್ತೆ. ಲ್ಯಾಬಿನವರು ದಾರದೆಳೆಯಂಥ ಮಗುವಿನ ಕಡೆಯ ಅಂಗಾಂಶವನ್ನು ಬಿಡಿಸಿ ತೆಗೆಯಬೇಕು. ಸರಿಯಾಗಿ ಬಿಡಿಸದಿದ್ದರೆ ಲ್ಯಾಬಿನಲ್ಲಿ ಬೆಳೆಯುವುದು ಅಮ್ಮನ ಜೀವಕೋಶವೇ. ಆಗ ಬರುವ 'ನಾರ್ಮಲ್' ಮಗುವಿನದ್ದಲ್ಲ, ನಿಮ್ಮದೇ!

ಹೊರದೇಶಗಳಲ್ಲಿ ಇದಕ್ಕೊಂದು ಸುಳಿವು ಸಿಗುತ್ತೆ. ರಿಪೋರ್ಟಿನಲ್ಲಿ ಗಂಡು ಅಂತಿದ್ದರೆ ಅದು ಖಂಡಿತ ಅಮ್ಮನ ಕೋಶವಲ್ಲ, ಹೆಣ್ಣು ಅಂತಿದ್ದರೆ ಅನುಮಾನ. ನಮ್ಮಲ್ಲಿ ಹಾಗಿಲ್ಲ. ಭ್ರೂಣದ ಲಿಂಗ ತಿಳಿಸುವುದರ ವಿರುದ್ಧ 1994ರ ಕಾಯ್ದೆ ಇದೆ, 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಆದ್ದರಿಂದ ಇಲ್ಲಿನ ಲ್ಯಾಬುಗಳು ಗರ್ಭಪಾತದ ಅಂಗಾಂಶದ ರಿಪೋರ್ಟಿನಲ್ಲೂ ಸಾಮಾನ್ಯವಾಗಿ ಗಂಡೋ ಹೆಣ್ಣೋ ಅಂತ ಬರೆಯುವುದಿಲ್ಲ. ಕಾಯ್ದೆ ಯಾಕೆ ಬಂತು ಅಂತ ನಮಗೆಲ್ಲ ಗೊತ್ತು, ಅದು ಹಾಗೇ ಇರಬೇಕಾದದ್ದೇ. 'ಗಂಡಾಗಿತ್ತಾ' ಅಂತ ಮೊದಲು ಕೇಳುವ ನೆಂಟರು ಎಲ್ಲರ ಮನೆಯಲ್ಲೂ ಇದ್ದಾರೆ. ಆದರೆ ಇದರಿಂದ ನಮಗೆ ಆ ಸುಳಿವು ಸಿಗೋಲ್ಲ. ಅದಕ್ಕೇ ಕೇಳಬೇಕಾದದ್ದು: "ಇದರಲ್ಲಿ ತಾಯಿಯ ಜೀವಕೋಶ ಸೇರಿಲ್ಲ ಅಂತ ಪರೀಕ್ಷೆ ಮಾಡಿದ್ದೀರಾ?" ಅಂಗಾಂಶದ ಜತೆ ನಿಮ್ಮ ಸ್ವಲ್ಪ ರಕ್ತವನ್ನೂ ಕಳಿಸಿದರೆ ಲ್ಯಾಬಿನವರು ಎರಡನ್ನೂ ಹೋಲಿಸಿ ನೋಡುತ್ತಾರೆ. ನಿಮ್ಮಿಂದ ರಕ್ತ ತೆಗೆದುಕೊಂಡಿಲ್ಲ ಅಂದ್ರೆ ಯಾಕೆ ಅಂತ ವಿಚಾರಿಸಿ.

ನಿಜಕ್ಕೂ ಮಗುವಿನದ್ದೇ ನಾರ್ಮಲ್ ಅಂತ ಖಾತ್ರಿಯಾದರೆ, ಆಗ ಬೇರೆ ಕಡೆ ಹುಡುಕಲು ಕಾರಣ ಸಿಕ್ಕಿತು. ಥೈರಾಯಿಡ್, ಶುಗರ್, ಗರ್ಭಕೋಶದೊಳಗೆ ಅಡ್ಡಪದರ ಇದೆಯೇ, ಆಂಟಿಫಾಸ್ಫೋಲಿಪಿಡ್ ಅನ್ನುವ ರಕ್ತ ಹೆಪ್ಪುಗಟ್ಟಿಸುವ ತೊಂದರೆ ಇದೆಯೇ ಅಂತ. ಈ ಕೊನೆಯದಕ್ಕೆ ಆಸ್ಪಿರಿನ್ ಮತ್ತು ಹೆಪಾರಿನ್ ಇಂಜೆಕ್ಷನ್ನಿನ ಚಿಕಿತ್ಸೆ ಇದೆ.

ಬೇಡದ ಖರ್ಚು ಯಾವುದು?

ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ, ಮುಚ್ಚಿಡೋಲ್ಲ. ನಮ್ಮಲ್ಲಿ ಗರ್ಭಪಾತವಾದ ಕೂಡಲೇ 'ಟಾರ್ಚ್ ಟೆಸ್ಟ್' ಬರೆದುಕೊಡುವುದು ಒಂದು ರೂಢಿಯೇ ಆಗಿದೆ. ನನಗೂ ಎರಡು ಸಲ ಮಾಡಿಸಿದರು. ಮರುಕಳಿಸುವ ಗರ್ಭಪಾತಕ್ಕೆ ಈ ಸೋಂಕುಗಳ ಪರೀಕ್ಷೆಯನ್ನು ರೂಢಿಯಾಗಿ ಮಾಡಿಸುವುದನ್ನು ಕೈಬಿಡಬೇಕು ಅಂತ ಅದೇ ಇಂಗ್ಲೆಂಡಿನ ರಾಯಲ್ ಕಾಲೇಜು 2011ರಲ್ಲೇ ಹೇಳಿತ್ತು. ಅದಕ್ಕೆ ದುಡ್ಡು ಕೊಟ್ಟು ಬರುತ್ತೇವೆ, ಕಾರಣ ಹೇಳಬಲ್ಲ ಪರೀಕ್ಷೆಯ ಅಂಗಾಂಶವನ್ನು ಮಾತ್ರ ಫಾರ್ಮಲಿನ್ನಿಗೆ ಹಾಕಿ ಬರುತ್ತೇವೆ. ಇದು ಯಾವ ನ್ಯಾಯ?

ರಕ್ತ ತೆಳುವಾಗುವ ಇಂಜೆಕ್ಷನ್ ವಿಷಯವೂ ಹಾಗೇ. ಆಂಟಿಫಾಸ್ಫೋಲಿಪಿಡ್ ಇದ್ದವರಿಗೆ ಅದು ಬೇಕು. ಆದರೆ ಹುಟ್ಟಿನಿಂದ ಬಂದ ಇತರ ಹೆಪ್ಪುಗಟ್ಟುವ ದೋಷ ಇರುವವರಿಗೆ ಅದರಿಂದ ಹೆಚ್ಚು ಮಕ್ಕಳು ಉಳಿಯಲಿಲ್ಲ ಅಂತ 2023ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಅಲೈಫ್-2 ಪ್ರಯೋಗ ತೋರಿಸಿದೆ. ದಿನಕ್ಕೊಂದು ಸೂಜಿ ಹೊಟ್ಟೆಗೆ ಚುಚ್ಚಿಸಿಕೊಳ್ಳುವ ಮುಂಚೆ 'ನನಗೆ ಇದು ಯಾಕೆ' ಅಂತ ಕೇಳುವ ಹಕ್ಕು ನಮಗಿದೆ. ಹಾಗಂತ ಈಗ ತಗೊಳ್ತಿರುವವರು ಈ ಲೇಖನ ಓದಿ ನಾಳೆಯೇ ನಿಲ್ಲಿಸಿಬಿಡಬೇಡಿ. ಡಾಕ್ಟರ ಹತ್ತಿರ ಮಾತಾಡಿ.

ಇನ್ನು ಕ್ರೋಮೋಸೋಮ್ ಟೆಸ್ಟ್ ಎಲ್ಲರಿಗೂ ಬೇಕಾ? ನನ್ನ ಅಭಿಪ್ರಾಯದಲ್ಲಿ ಬೇಡ. ಮೊದಲ ಸಲ, ಎರಡು-ಮೂರು ತಿಂಗಳೊಳಗೆ ಹೋಗಿದ್ದರೆ, ಸಾವಿರಗಟ್ಟಲೆ ಖರ್ಚು ಮಾಡಿ ತಿಳಿಯುವುದರಿಂದ ಮುಂದಿನ ದಾರಿ ಬದಲಾಗುವುದು ಅಪರೂಪ. ಹೆಚ್ಚಿನವರಿಗೆ ಮುಂದಿನ ಬಸಿರು ತಾನಾಗಿ ನಿಲ್ಲುತ್ತೆ. ಎರಡನೆಯದಾದರೆ ಯೋಚಿಸಬೇಕು, ಮೂರನೆಯದಾದರೆ ಅಥವಾ ಮೂರು ತಿಂಗಳು ದಾಟಿ ಹೋಗಿದ್ದರೆ ಮಾಡಿಸುವುದೇ ಒಳ್ಳೆಯದು. ಇದಕ್ಕೆ ಇನ್ಶೂರೆನ್ಸಿನಲ್ಲಿ ದುಡ್ಡು ಸಿಗುತ್ತಾ ಅಂತ ಮೊದಲೇ ವಿಚಾರಿಸಿಕೊಳ್ಳಿ, ಸಿಕ್ಕೇ ಸಿಗುತ್ತೆ ಅಂದುಕೊಳ್ಳಬೇಡಿ. ಇನ್ನೊಂದು ಎಚ್ಚರ. ರಿಪೋರ್ಟಿನಲ್ಲಿ ಕ್ರೋಮೋಸೋಮ್ ದೋಷ ಅಂತ ಕಂಡ ಕೂಡಲೇ, 'ಐವಿಎಫ್ ಮಾಡಿ, ಭ್ರೂಣ ಪರೀಕ್ಷಿಸಿ ಒಳ್ಳೆಯದನ್ನೇ ಇಡೋಣ' ಅನ್ನುವವರು ಸಿಗುತ್ತಾರೆ. ಕಾರಣ ತಿಳಿಯದೆ ಮರುಕಳಿಸುವ ಗರ್ಭಪಾತಕ್ಕೆ ಅದರಿಂದ ಲಾಭವಿದೆ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂತ 2023ರ ಅದೇ ಮಾರ್ಗಸೂಚಿ ಹೇಳುತ್ತೆ. ಒಡವೆ ಅಡ ಇಡುವ ಮುಂಚೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ.

ಒಂದು ಸಂದರ್ಭ ಮಾತ್ರ ಬೇರೆ. ಕೆಲವೊಮ್ಮೆ ಲೆಕ್ಕ ತಪ್ಪಿರುವುದಿಲ್ಲ, ಒಂದು ಕ್ರೋಮೋಸೋಮಿನ ತುಂಡು ಇನ್ನೊಂದಕ್ಕೆ ಅಂಟಿಕೊಂಡು ಕೆಲವು ಭಾಗ ಹೆಚ್ಚು-ಕಡಿಮೆ ಆಗಿರುತ್ತೆ. ಇದು ಕಂಡರೆ ಗಂಡ-ಹೆಂಡತಿ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಬೇಕು. ಪದೇ ಪದೇ ಗರ್ಭಪಾತವಾಗುವ ದಂಪತಿಗಳಲ್ಲಿ ನೂರಕ್ಕೆ ಎರಡರಿಂದ ಐದು ಜೋಡಿಗಳಲ್ಲಿ ಒಬ್ಬರಿಗೆ ಇಂಥ ಅದಲುಬದಲು ಇರುತ್ತೆ. ಅವರು ಗಟ್ಟಿಮುಟ್ಟಾಗೇ ಇರುತ್ತಾರೆ, ಯಾಕಂದ್ರೆ ಅವರಲ್ಲಿ ಒಟ್ಟು ಸಾಮಾನು ಸರಿಯಾಗೇ ಇದೆ, ಇಟ್ಟ ಜಾಗ ಮಾತ್ರ ಬೇರೆ. ಮಗುವಿಗೆ ಹಂಚುವಾಗ ಏರುಪೇರಾಗುತ್ತೆ. ಇದು ಗಂಡನಲ್ಲೂ ಇರಬಹುದು, ಹೆಂಡತಿಯಲ್ಲೂ ಇರಬಹುದು. ನಮ್ಮ ಗಂಡಸರು ಹೆಂಡತಿಯ ಹತ್ತು ಪರೀಕ್ಷೆಗೆ ಬಿಲ್ ಕಟ್ಟುತ್ತಾರೆ, ತಮ್ಮ ಒಂದು ಸಿರಿಂಜ್ ರಕ್ತ ಕೊಡೋಕೆ 'ಆಫೀಸಿದೆ' ಅಂತಾರೆ! ಹೀಗಿದ್ದರೂ ಇಂಥ ಎಷ್ಟೋ ದಂಪತಿಗಳಿಗೆ ಮುಂದೆ ಆರೋಗ್ಯವಂತ ಮಕ್ಕಳು ಆಗಿವೆ. ಅವರು ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗುವುದು ಒಳ್ಳೆಯದು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮೆಡಿಕಲ್ ಜೆನೆಟಿಕ್ಸ್ ವಿಭಾಗದಂಥ ಕಡೆ ಈ ವಿಷಯದ ತಜ್ಞರಿದ್ದಾರೆ. ಹೋಗುವಾಗ ರಿಪೋರ್ಟಿನ ಮೂಲಪ್ರತಿ, ಎಷ್ಟನೇ ವಾರದಲ್ಲಿ ಏನಾಯ್ತು ಅಂತ ಬರೆದ ಚೀಟಿ, ಗಂಡ, ಮೂರೂ ಜತೆಗಿರಲಿ.

ನನ್ನ ಗೆಳತಿಗೆ ಆ ರಾತ್ರಿ ಇಷ್ಟೆಲ್ಲ ಹೇಳಲಿಲ್ಲ. "ಬೆಳಿಗ್ಗೆ ಹೋದ ಕೂಡಲೇ ಸಿಸ್ಟರಿಗೂ ಡಾಕ್ಟರಿಗೂ ಇಬ್ಬರಿಗೂ ಹೇಳು, ಒಂದು ಸಲೈನ್, ಒಂದು ಫಾರ್ಮಲಿನ್. ನಿನ್ನ ರಕ್ತವನ್ನೂ ತಗೊಳ್ಳಿ ಅನ್ನು. ಯಜಮಾನರಿಗೆ ಬಾಟಲಿ ಮೇಲಿನ ಚೀಟಿ ಓದೋಕೆ ಹೇಳು" ಅಂದೆ. ಅವರು ಓದಿದರಂತೆ. ಓದಿದ್ದೇ ಒಳ್ಳೆಯದಾಯ್ತು, ಎರಡು ಬಾಟಲಿಯ ಮೇಲೂ ಫಾರ್ಮಲಿನ್ ಅಂತಲೇ ಚೀಟಿ ಅಂಟಿಸಿದ್ದರಂತೆ. ಥಿಯೇಟರಿಗೆ ಕಳಿಸುವ ಮುಂಚೆ ಒಂದನ್ನು ಬದಲಾಯಿಸಿದರು.

ಮೂರು ವಾರಕ್ಕೆ ರಿಪೋರ್ಟ್ ಬಂತು. ಟ್ರೈಸೋಮಿ 16. ತಾಯಿಯ ಕೋಶ ಸೇರಿಲ್ಲ ಅಂತಲೂ ಬರೆದಿತ್ತು. ಡಾಕ್ಟರು ಬೇರೆ ಇಂಜೆಕ್ಷನ್ ಏನೂ ಬರೆಯಲಿಲ್ಲ, ಫೋಲಿಕ್ ಆಸಿಡ್ ಮುಂದುವರಿಸಿ, ಮನಸ್ಸು ಸರಿಹೋದ ಮೇಲೆ ಬನ್ನಿ ಅಂದರು. ಗಂಡ ಅದನ್ನು ಕನ್ನಡದಲ್ಲಿ ಬಿಡಿಸಿ ಅಮ್ಮನಿಗೆ ಹೇಳಿದರಂತೆ. ಅತ್ತೆ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಸೊಪ್ಪು ಬಿಡಿಸುತ್ತಾ, "ಇವನು ಹುಟ್ಟೋಕೆ ಮುಂಚೆ ನಂದೂ ಎರಡು ಹೋಗಿತ್ತು ಕಣಮ್ಮ. ನಮ್ಮತ್ತೆ, ಬಾವಿ ನೀರು ಸೇದಿದ್ದಕ್ಕೇ ಹೋಯ್ತು ಅಂತಿದ್ರು. ಆ ಮನೇಲಿ ನಾನಲ್ದೆ ಇನ್ಯಾರು ಸೇದ್ತಿದ್ರು?" ಅಂದರಂತೆ. ಮದುವೆಯಾಗಿ ಏಳು ವರ್ಷವಾಯ್ತು, ಈ ಮಾತು ತನ್ನ ಕಿವಿಗೆ ಬಿದ್ದದ್ದು ಇದೇ ಮೊದಲು ಅಂತ ಗೆಳತಿ ಹೇಳಿದಳು. ರಿಪೋರ್ಟನ್ನು ಅತ್ತೆಯೇ ಫೈಲಿಗೆ ಹಾಕಿ ಬೀರುವಿನಲ್ಲಿಟ್ಟಿದ್ದಾರಂತೆ.